ನೀಲಾಬಾಯಿ ಸುಮ್ಮನೆ ಕೂತದ್ದು

ನೀಲಾಬಾಯಿ ಬಬಲೇಶ್ವರದ ತನ್ನ ಸೀರೆ, ಕುಪ್ಪಸದ ಖಣಗಳ ಅಂಗಡಿಯಲ್ಲಿ ಕೂತು ಗಿರಾಕಿಯನ್ನು ಕರೆದರೆ ಬಸ್‌ಸ್ಟ್ಯಾಂಡಿನಲ್ಲಿ ಇಳಿದವರು ತಿರುಗಿ ನೋಡುತ್ತಿದ್ದರು. ದೇವರು ಆಕೆಗೆ ಬಾಯಿ ಕೊಟ್ಟಿದ್ದ, ಅದಕ್ಕೊಂದು ಚಿಲಕ ಕೊಡುವುದನ್ನು ಮರೆತಿದ್ದ. ಈ ಬಗ್ಗೆ ಆಕೆಗೇನೂ ಬೇಸರವಿರಲಿಲ್ಲ. ಅಂಗಡಿ ನಡೆದದ್ದು, ಮಗ ಓದಿ ವಿಜಯಪುರದಲ್ಲಿ ನೌಕರಿ ಹಿಡಿದದ್ದು, ಎಲ್ಲ ಈ ಬಾಯಿಯಿಂದಲೇ ಎಂದು ಆಕೆಯ ಲೆಕ್ಕ.

ಆದರೆ ಎಂಟು ತಿಂಗಳಿಂದ ಮೊಮ್ಮಗಳು ಅಂಗಡಿಯ ಹಿಂದಿನ ಅಜ್ಜಿಯ ಮನೆಗೆ ಬಂದಿರಲಿಲ್ಲ. ಐದು ವರ್ಷದ ಮೃಣಾಲಳಿಗೆ ಆಟಿಸಂ ಇತ್ತು. ದೀಪಾವಳಿಯಲ್ಲಿ ಮಿಕ್ಸರಿನ ಸದ್ದಿಗೆ ಅವಳು ಕಿರುಚತೊಡಗಿದಾಗ ಅಜ್ಜಿ ಕೈಲಾದದ್ದನ್ನೆಲ್ಲ ಮಾಡಿದ್ದಳು. ತಪ್ಪಾದದ್ದೇ ಅಲ್ಲಿ. ಎತ್ತಿ ಕುಣಿಸಿದಳು, ಓಣಿಯ ಮಂದಿಯನ್ನೆಲ್ಲ ಕರೆದಳು, ಬಂದವರೆಲ್ಲ ಒಂದೊಂದು ಉಪಾಯ ಕೂಗಿ ಹೇಳಿದರು. ಕಡೆಗೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿ ಮನೆ ತುಂಬ ಘಾಟು ಎಬ್ಬಿಸಿದಳು. ದೃಷ್ಟಿ ಹೋಯಿತೋ ಬಿಟ್ಟಿತೋ, ಕೂಸು ಅಜ್ಜಿಯ ಕೈ ಕಚ್ಚಿ, ವಾಂತಿ ಮಾಡಿಕೊಂಡು ಸುಸ್ತಾಗಿ ಬಿತ್ತು. ಸೊಸೆ ಸೌಭಾಗ್ಯ ಮಗಳನ್ನು ಎತ್ತಿಕೊಂಡು ಹೋದವಳು ಮತ್ತೆ ಕರೆತರಲಿಲ್ಲ.

ನೀಲಾಬಾಯಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಿದ್ದೆ ಹೋಯಿತು. ಹೋದ ವಾರ ತಾನೇ ವಿಜಯಪುರದ ಬಸ್ಸು ಹತ್ತಿ, ಸಿದ್ಧೇಶ್ವರ ಗುಡಿಯ ಹಿಂದಿನ ಹಳೇ ಮನೆಯೊಂದರಲ್ಲಿ ಮೃಣಾಲಳಿಗೆ ಕಲಿಸುವ ವಿದ್ಯಾವತಿ ಟೀಚರ ಮುಂದೆ ಹೋಗಿ ಕೂತಳು.

“ಹಟ ಅಲ್ರಿ ಅದು,” ಎಂದರು ಟೀಚರು. “ಸಪ್ಪಳ ಜಾಸ್ತಿ ಆದ್ರ ಆಕಿಗೆ ತಡಕೊಳ್ಳಾಕ ಆಗೂದಿಲ್ಲ. ಇಕ್ಕಟ್ಟಿನ ಜಾಗಾ ಹುಡಿಕಿ ಕೂಡ್ತಾಳ, ಕೈ ಒತ್ತಿಕೊಂತಾಳ, ಗುಂಯ್ ಅಂತಾಳ. ಹಂಗ ತಾನ ಸಮಾಧಾನ ಮಾಡಿಕೊಳ್ಳೂದು ಕಲ್ಯಾಕತ್ತಾಳ. ನೀವು ಹತ್ರ ಕೆಳಗ ಕೂಡ್ರಿ. ಮುಟ್ಟಬ್ಯಾಡ್ರಿ. ಮಾತಂತೂ ಬ್ಯಾಡ.”

“ಎಷ್ಟೊತ್ರಿ?”

“ಆಕಿಗೆ ಬೇಕಾದಷ್ಟು ಹೊತ್ತು.”

“ಯಪ್ಪಾ! ಮೂರು ದಿನ ಉಪಾಸ ಇರಂದ್ರ ಇರ್ತೇನ್ರಿ, ಇದಾಗೂದಿಲ್ಲ!”

ಟೀಚರು ನಕ್ಕರು, ಆದರೆ ರಿಯಾಯಿತಿ ಕೊಡಲಿಲ್ಲ.

ರವಿವಾರ ಬಿಜ್ಜರಗಿಯಲ್ಲಿ ಸೌಭಾಗ್ಯಳ ಬಸುರಿ ತಂಗಿಯ ಕುಬಸದ ಕಾರ್ಯ. ಅಲ್ಲಿ ಬಾಜಾ, ಮೈಕು. ಗಂಡನಿಗೆ ಅಂದು ಡ್ಯೂಟಿ, ಬೇರೆ ದಾರಿ ಕಾಣದೆ ಅವಳು ಮಗಳನ್ನು ಮಧ್ಯಾಹ್ನದ ಮಟ್ಟಿಗೆ ಅತ್ತೆಯ ಹತ್ತಿರ ಬಿಟ್ಟಳು. “ಅತ್ತಿ, ಒಂದ್ ಸಲ ನೋಡೂಣ್ರಿ. ಆಗ್ಲಿಲ್ಲಂದ್ರ ಮತ್ತ ಕೇಳಬ್ಯಾಡ್ರಿ,” ಎಂದಳು. ಮೆತ್ತಗೆ ಹೇಳಿದ್ದರಿಂದಲೇ ನೀಲಾಬಾಯಿಗೆ ಹೆದರಿಕೆಯಾಯಿತು.

ಮೂರು ಗಂಟೆಯ ತನಕ ಎಲ್ಲ ಸುಸೂತ್ರವಾಗಿತ್ತು. ಮೃಣಾಲ ಖಣಗಳನ್ನು ಬಣ್ಣ ನೋಡಿ ಸಾಲು ಹಚ್ಚುತ್ತಿದ್ದಳು. ಅಷ್ಟರಲ್ಲಿ ಉಳ್ಳಾಗಡ್ಡಿ ಮಾರುವ ಟಂಟಂ ಗಾಡಿ ಅಂಗಡಿಯೆದುರಿಗೇ ನಿಂತು ಸ್ಪೀಕರ್ ಹಚ್ಚಿತು. ಮೃಣಾಲ ಕಿವಿ ಮುಚ್ಚಿಕೊಂಡು ಕಿರುಚುತ್ತ ಗೋಡೆಗೂ ಸೀರೆಯ ಗಂಟುಗಳಿಗೂ ನಡುವೆ ನುಸುಳಿದಳು.

“ಯವ್ವಾ” ಎಂಬ ಕೂಗು ನೀಲಾಬಾಯಿಯ ಗಂಟಲಿನ ತನಕ ಬಂದಿತ್ತು. ಆಕೆ ತಟ್ಟನೆ ಎಲೆಅಡಿಕೆ ಚೀಲ ಬಿಚ್ಚಿ, ಒಂದರ ಜಾಗದಲ್ಲಿ ಮೂರು ಎಲೆ ಮಡಚಿ ಬಾಯಿಗೆ ತುರುಕಿಕೊಂಡಳು. ತನ್ನ ಬಾಯಿಯ ಗುಣ ತನಗೆ ಗೊತ್ತಿಲ್ಲವೇ! ಹೊರಗೆ ಹೋಗಿ ಎರಡೂ ಕೈ ಬೀಸಿ ಟಂಟಂನವನನ್ನು ಓಡಿಸಿದಳು. ಶಟರನ್ನು ಅರ್ಧ ಇಳಿಸಿ, ಕೂಸಿನಿಂದ ಒಂದು ಮಾರು ದೂರದಲ್ಲಿ ನೆಲಕ್ಕೆ ಕೂತಳು.

ಎದುರಿನ ಬಳೆ ಅಂಗಡಿಯ ಪೀರಾಂಬಿ ಶಟರಿನ ಕೆಳಗೆ ತಲೆ ತೂರಿಸಿದಳು. “ನೀಲಕ್ಕಾ, ಏನಾತ ಬೇ?” ನೀಲಾಬಾಯಿ ಉತ್ತರ ಕೊಡಲಿಲ್ಲ. ಮೂವತ್ತು ವರ್ಷದಲ್ಲಿ ಹೀಗಾದದ್ದು ಇದೇ ಮೊದಲು. ಪೀರಾಂಬಿಯ ಮುಖ ಬಿಳಿಚಿತು. “ಯಾ ಅಲ್ಲಾ, ಲಕ್ವಾ ಹೊಡೀತೇನ?”

ನೀಲಾಬಾಯಿ ತಲೆ ಅಲ್ಲಾಡಿಸಿ ಕೂಸನ್ನು ತೋರಿಸಿ ತುಟಿಗೆ ಬೆರಳಿಟ್ಟಳು. ಪೀರಾಂಬಿಗೆ ಅರ್ಥವಾಯಿತು. ಹೊರಗಿನ ಮೆಟ್ಟಿಲ ಮೇಲೆ ಕೂತು, ಉಪಾಯ ಹೊತ್ತು ಬಂದ ಮಂದಿಯನ್ನೆಲ್ಲ ಅಲ್ಲಿಂದಲೇ ತಿರುಗಿಸಿ ಕಳಿಸಿದಳು.

ಒಳಗೆ ಕಿರುಚಾಟ ನಿಲ್ಲಲಿಲ್ಲ. ನೀಲಾಬಾಯಿ ಗಂಡ ಸತ್ತಾಗಲೂ ಇಷ್ಟು ಹೊತ್ತು ಬಾಯಿ ಮುಚ್ಚಿ ಸಂಕಟ ತಿಂದವಳಲ್ಲ. ಕೈ ತಾನಾಗಿ ಮುಂದೆ ಹೋಯಿತು, ಅದನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಳು. ಎಷ್ಟೋ ಹೊತ್ತಿನ ಮೇಲೆ ಕಿರುಚಾಟ ಬಿಕ್ಕಾಯಿತು. ಮೃಣಾಲ ಬೆನ್ನನ್ನು ಗಂಟಿಗೆ ಒತ್ತಿ, ಮುಷ್ಟಿ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತ ಗುಂಯ್ ಎನ್ನತೊಡಗಿದಳು. ಆ ಗುಂಯ್ ಕೂಡ ಮೆಲ್ಲಗೆ ಸಣ್ಣದಾಯಿತು.

ಹೊರಗೆ ಬಂದ ಕೂಸು ಅಜ್ಜಿಯ ಮುಖ ನೋಡಲಿಲ್ಲ. ನೀಲಾಬಾಯಿ ಆಸೆಯಿಂದ ತೊಡೆಯ ಮೇಲಿನ ಸೀರೆ ಸರಿಮಾಡಿಕೊಂಡಳು. ಮೃಣಾಲ ತೊಡೆಗೆ ಬರಲಿಲ್ಲ. ಸುತ್ತು ಹಾಕಿ ಹಿಂದೆ ಹೋಗಿ, ಅಜ್ಜಿಯ ಬೆನ್ನಿಗೆ ತನ್ನ ಬೆನ್ನು ಹಚ್ಚಿ, ಪೂರ್ತಿ ಭಾರ ಬಿಟ್ಟು ಕೂತಳು. ನೀಲಾಬಾಯಿ ಉಸಿರು ಬಿಗಿಹಿಡಿದಳು. ಕಣ್ಣಿಂದ ನೀರು ಇಳಿಯಿತು, ಒರೆಸಿಕೊಂಡರೆ ಬೆನ್ನು ಅಲುಗಾಡೀತೆಂದು ಒರೆಸಿಕೊಳ್ಳಲಿಲ್ಲ.

ಸೌಭಾಗ್ಯ ಬಂದಾಗಲೂ ಇಬ್ಬರೂ ಹಾಗೇ ಕೂತಿದ್ದರು. ನಡೆದದ್ದನ್ನು ಪೀರಾಂಬಿ ಬಾಗಿಲಲ್ಲೇ ಹೇಳಿದ್ದಳು.

“ಏನ್ ಮಾಡಿದ್ರಿ ಅತ್ತಿ?” ಎಂದಳು ಸೌಭಾಗ್ಯ, ಪಿಸುದನಿಯಲ್ಲಿ.

“ನಾ ಏನೂ ಮಾಡ್ಲಿಲ್ಲವ್ವಾ. ಎಲ್ಲಾ ಆಕೀನ ಮಾಡಿಕೊಂಡ್ಳು.”

ಸೌಭಾಗ್ಯ ಚಪ್ಪಲಿ ಬಿಟ್ಟು ಒಳಗೆ ಬಂದು, ಗಂಡನಿಗೆ ಫೋನ್ ಹಚ್ಚಿದಳು. “ನೀವು ಊಟಾ ಮಾಡಿ ಮಲಗ್ರಿ. ನಾವು ಇವತ್ತ ಇಲ್ಲೇ ವಸ್ತಿ ಮಾಡ್ತೇವಿ.”