ಉಡಿ ತುಂಬದ ಕೌದಿ

ಆರತಿ ಹಡಗು ಹತ್ತುತ್ತಾಳೆಂಬ ಸುದ್ದಿ ಧಾರವಾಡದ ಮಾಳಮಡ್ಡಿಯ ಓಣಿಗೆಲ್ಲ ನಗೆಯಾಗಿತ್ತು. ಕೆಲಗೇರಿ ಕೆರೆಯ ದಂಡೆಗೆ ಹೋದರೂ ಚಪ್ಪಲಿ ಬಿಚ್ಚದ ಹುಡುಗಿ, ಕಾರವಾರದಿಂದ ಹಾಯಿಹಡಗಿನಲ್ಲಿ ಸಮುದ್ರಕ್ಕೆ ಹೋಗುವುದೆಂದರೇನು! ಕಾಲೇಜಿನವರು ಅವಳನ್ನು ಯುವಕರ ತರಬೇತಿ ಯಾನಕ್ಕೆ ಆರಿಸಿದ್ದರು. ದೊಡ್ಡವ್ವ ಶಿವಬಸವ್ವ ಮಾತ್ರ ನಗಲಿಲ್ಲ. ಆರತಿ ಚೀಲಕ್ಕೆ ತುರುಕುತ್ತಿದ್ದ ಕೌದಿ ಕಂಡು ಅವಳ ಮುಖ ಸಣ್ಣದಾಯಿತು.

"ಅದರ ಉಡಿ ತುಂಬಿಲ್ಲವ್ವಾ. ಹೊದಿಯಾಂಗಿಲ್ಲ."

"ಹೊದಿಯೂದಿಲ್ಲ ದೊಡ್ಡವ್ವಾ. ಬರೇ ನನ್ನ ಸಂಗಾಟ ಇರಲಿ."

ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಮೇಲೆ ಕೌದಿಯ ಕೊನೆಯ ಮೂಲೆಯೊಂದನ್ನು ಬಿಚ್ಚಿಟ್ಟಿರುತ್ತಾರೆ. ಅದರೊಳಗೆ ರೊಟ್ಟಿಯ ತುಣುಕು ಇಟ್ಟು ಮೂಲೆ ಮುಚ್ಚಿದರೆ ಕೌದಿಯ ಉಡಿ ತುಂಬಿದಂತೆ. ಹಸಿದ ಕೌದಿ ಹೊದ್ದವರಿಗೆ ಒಳ್ಳೆಯದಾಗುವುದಿಲ್ಲ. ಹೊಲಿದವರೇ ಉಡಿ ತುಂಬಬೇಕೆಂಬುದು ಆ ಮನೆಯ ರೂಢಿ. ಈ ಕೌದಿ ಹೊಲಿದ ಆರತಿಯ ಅವ್ವ ಉಡಿ ತುಂಬುವ ಮೊದಲೇ ಹಾಸಿಗೆ ಹಿಡಿದಿದ್ದಳು. ದವಾಖಾನೆಯಲ್ಲಿ ತೆಳ್ಳನೆಯ ಚಾದರದಡಿ ನಡುಗುತ್ತ, "ಥಂಡಿ ಆಗಾಕತ್ತೇತಿ, ನನ್ನ ಕೌದಿ ತಗೊಂಡ ಬಾರ" ಎಂದಳು. ಆರತಿ ಮನೆಗೆ ಓಡಿದಳು. ಶಿವಬಸವ್ವ ಕೌದಿ ಕಸಿದುಕೊಂಡು, "ಜಡ್ಡಿನಾಕಿಗೆ ಇದನ್ನ ಹೊದಸ್ತಾರೇನು?" ಎಂದು ಪೆಟ್ಟಿಗೆಯೆಲ್ಲ ತಡಕಾಡಿ ಶಾಲು ಕೊಟ್ಟಳು. ಆರತಿ ಎದುರಾಡಲಿಲ್ಲ. ಶಾಲು ಹಿಡಿದು ಹೋಗುವಷ್ಟರಲ್ಲಿ ಅವ್ವ ಇರಲಿಲ್ಲ. ಮಣ್ಣು ಕೊಟ್ಟ ದಿನದಿಂದ ಈಚೆಗೆ ಆರತಿ ಅವ್ವನ ಸಮಾಧಿಯ ಕಡೆ ತಲೆ ಹಾಕಿರಲಿಲ್ಲ, ಕಣ್ಣೀರೂ ಹಾಕಿರಲಿಲ್ಲ. ಯಾವ ಮುಖ ಹೊತ್ತು ಹೋಗಲಿ ಎಂಬುದೊಂದೇ ಅವಳ ಸಂಕಟ.

ಹಡಗು ಯಾರ ಸಂಕಟವನ್ನೂ ಕೇಳುವುದಿಲ್ಲ. ಹತ್ತಿದ ದಿನವೇ ಹೊಟ್ಟೆಯಲ್ಲಿದ್ದುದೆಲ್ಲ ಹೊರಗೆ ಬಂತು. ಮಲಗುವುದಕ್ಕೆ ಕಪಾಟಿನ ಹಲಗೆಯಷ್ಟು ಜಾಗ. ಸರದಿಯ ಮೇಲೆ ಕಾವಲು, ಡೆಕ್ಕು ತೊಳೆಯುವ ಕೆಲಸ, ಅಂಗೈ ಸುಲಿಯುವ ಹಗ್ಗ. ಹಾಯಿ ಹರಿದಾಗ ಕಪ್ತಾನ ಕೇದಾರ ದಪ್ಪ ಸೂಜಿ, ಮೇಣದ ದಾರ ಕೊಟ್ಟು ತೇಪೆ ಹಾಕಲು ಕಲಿಸಿದರು. ಆರತಿಯ ಹೊಲಿಗೆ ನೋಡಿ, "ಎಲ್ಲಿ ಕಲಿತೆ?" ಎಂದರು.

"ಮನ್ಯಾಗ್ರಿ. ನಮ್ಮವ್ವ ಕೌದಿ ಹೊಲೀತಿದ್ಲು."

ಮರುದಿನ ಬೆಳಿಗ್ಗೆ ಮುಂದುಗಡೆ ಕಾವಲಿದ್ದವನು ನೀರಿನತ್ತ ಕೈ ತೋರಿಸಿದ. ತೇಲುತ್ತಿದ್ದುದು ಮನುಷ್ಯ. ಹಿಂದಿನ ದಿನದ ಗಾಳಿಗೆ ಮಗುಚಿದ ಮೀನುದೋಣಿಯ ಹುಡುಗನೆಂದು ರೇಡಿಯೋದಲ್ಲಿ ತಿಳಿಯಿತು. ಹೆಣವನ್ನು ಕಾರವಾರಕ್ಕೇ ತನ್ನಿರಿ ಎಂದು ಅಪ್ಪಣೆಯಾಯಿತು. ಎಲ್ಲರೂ ಸೇರಿ ಮೇಲೆತ್ತಿದರು. ಅವನಿಗೂ ಆರತಿಯದೇ ವಯಸ್ಸು ಇದ್ದೀತು. ಕೇದಾರ ನೀಲಿ ಪ್ಲಾಸ್ಟಿಕ್ ತಾಡಪತ್ರಿ ತರಿಸಿ ಸುತ್ತತೊಡಗಿದರು. ಅವನ ಕೂದಲಿನಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಬೆರಳುಗಳು ತಣ್ಣಗೆ ಮುದುಡಿದ್ದವು.

"ಸ್ವಲ್ಪ ತಡೀರಿ ಸರ್," ಎಂದಳು ಆರತಿ.

ಕೆಳಗಿಳಿದು ಕೌದಿಯನ್ನೂ ದೊಡ್ಡವ್ವ ಕಟ್ಟಿಕೊಟ್ಟ ಕಟಕರೊಟ್ಟಿಯನ್ನೂ ತಂದಳು. ಕೌದಿಯನ್ನು ಹುಡುಗನಿಗೆ ಹೊದಿಸುತ್ತಾಳೆಂದು ಕೇದಾರರಿಗೆ ಅರ್ಥವಾಯಿತು. "ಇದು ಮತ್ತೆ ಸಿಗಲಿಕ್ಕಿಲ್ಲ, ಆರತಿ."

"ಗೊತ್ತೈತ್ರಿ."

ಡೆಕ್ಕಿನ ಮೇಲೆ ಕೂತು ರೊಟ್ಟಿ ಮುರಿದು ಮೂಲೆಯೊಳಗಿಟ್ಟಳು. ಅವ್ವನ ಹೊಲಿಗೆ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಹಾಯಿಯ ಸೂಜಿಯಿಂದ ಮುಂದುವರಿಸಿದಳು. ಹೊಲಿದವರೇ ತುಂಬಬೇಕಲ್ಲ, ಈಗ ತಾನೂ ಹೊಲಿದವಳೇ. ಗಂಟು ಹಾಕುವಾಗ ಕಣ್ಣು ಮಂಜಾಗಿ ದಾರವೇ ಕಾಣದಾಯಿತು. ಇಷ್ಟು ದಿನ ತಡೆದ ಅಳು ಅಷ್ಟೂ ಜನರೆದುರು ಬಂತು, ಅವಳಿಗೆ ನಾಚಿಕೆಯೂ ಆಗಲಿಲ್ಲ. ಅಳುತ್ತಲೇ ಆ ಗುರುತಿಲ್ಲದ ಹುಡುಗನಿಗೆ ಕೌದಿ ಹೊದಿಸಿ, ಕಾಲ ಕಡೆ ಚೆನ್ನಾಗಿ ಸಿಗಿಸಿದಳು.

ಕಾರವಾರ ಬಂದರಿನ ದಕ್ಕೆಯಲ್ಲಿ ಹುಡುಗನ ತಾಯಿ ಕಾದಿದ್ದಳು. ಮಗನ ಮುಖ ನೋಡಿ ಪಕ್ಕದಲ್ಲೇ ಕೂತಳು. ಆಮೇಲೆ ಅವಳ ಕೈ ಕೌದಿಯ ಅಂಚಿನ ಮೇಲೆ ಆಡಿತು.

"ಇದು ಯಾರು ಹೊಲಿದದ್ದು?"

"ನಮ್ಮವ್ವರಿ."

"ನಿನ್ನ ಅಮ್ಮಂಗೆ ಹೇಳು ಮಗಾ. ನನ್ನ ಹುಡ್ಗ ಚಳೀಲಿ ಬರ್ಲಿಲ್ಲ ಅಂತ ಹೇಳು."

ಅವ್ವ ಇಲ್ಲವೆಂದು ಆರತಿ ಹೇಳಲಿಲ್ಲ. "ಹೇಳ್ತೇನ್ರಿ," ಎಂದಳು.

ಧಾರವಾಡದಲ್ಲಿ ಬಸ್ಸಿಳಿದವಳು ಮನೆಗೆ ಹೋಗಲಿಲ್ಲ. ಹೆಗಲ ಚೀಲದೊಂದಿಗೇ ರುದ್ರಭೂಮಿಗೆ ನಡೆದು, ಅವ್ವನ ಸಮಾಧಿಯ ಇನ್ನೂ ಕುಸಿಯದ ಮಣ್ಣಿನ ಪಕ್ಕ ಕೂತಳು. ಮಾತು ಕೊಟ್ಟಿದ್ದಳಲ್ಲ.

"ಅವ್ವಾ," ಎಂದಳು, "ಆತಗ ಥಂಡಿ ಆಗಲಿಲ್ಲಂತ."