ತಲೆಯ ಪಾಲು

ಮೀನು ಕತ್ತರಿಸುವ ಶೆಡ್ಡಿನ ನೆಲ ಬೇಸಿಗೆಯಲ್ಲೂ ತಣ್ಣಗಿರುತ್ತದೆ. ಐಸು ಕರಗಿ ನೀರಾಗಿ, ನೀರಿಗೆ ರಕ್ತ ಸೇರಿ, ಇಡೀ ದಿನ ಕಾಲಡಿಯಲ್ಲಿ ಹರಿಯುತ್ತಲೇ ಇರುತ್ತದೆ. ಮುಂದೆ ಮರದ ಹಲಗೆ, ಕೈಯಲ್ಲಿ ಮೋಟು ಚೂರಿ, ಕೂರಲು ಮಗುಚಿಟ್ಟ ಡಬ್ಬ. ಬೆರಳಿನ ಗಾಯಕ್ಕೆ ಉಪ್ಪುನೀರು ತಾಗಿದರೆ ಮೊದಲೆಲ್ಲ ಹಾ ಎನ್ನುತ್ತಿದ್ದೆ. ಈಗ ಬೆರಳೂ ಸುಮ್ಮನಿರುತ್ತದೆ, ನಾನೂ ಸುಮ್ಮನಿರುತ್ತೇನೆ.

ಶೆಡ್ಡು ಧಣಿಯದು. ನಮ್ಮ ಗಂಡಂದಿರು ಸಣ್ಣ ದೋಣಿಗಳಲ್ಲಿ ತರುವ ಮೀನನ್ನೆಲ್ಲ ಕೊಳ್ಳುವವನು ಅವನೇ. ದೂರ ಸಮುದ್ರಕ್ಕೆ ಹೋಗುವ ದೊಡ್ಡ ಹಡಗೂ ಅವನದೇ. ಕೂಲಿ ಎಷ್ಟು ಕೊಡುತ್ತಾನೆ ಎಂದು ಕೇಳಬೇಡಿ, ಹೇಳಿದರೆ ಅವನ ಮರ್ಯಾದೆ ಹೋಗುತ್ತದೆ. ಆದರೆ ಒಂದು ಪದ್ಧತಿ ಇತ್ತು. ನನ್ನ ಅತ್ತೆ ಸೊಸೆಯಾಗಿ ಬರುವುದಕ್ಕೂ ಮುಂಚಿನದು. ಮೀನಿನ ಮೈ ಧಣಿಗೆ, ತಲೆ ಕತ್ತರಿಸಿದವಳಿಗೆ.

ನಮ್ಮ ಮಕ್ಕಳು ಬೆಳೆದದ್ದು ಆ ತಲೆಗಳಿಂದಲೇ. ನನ್ನ ಸಣ್ಣ ಮಗಳಿಗೆ ಕೆನ್ನೆಯ ಮಾಂಸ ಎಂದರೆ ಪ್ರಾಣ. ಬೆರಳಿನಲ್ಲಿ ಬಿಡಿಸಿ ಬಾಯಿಗಿಟ್ಟರೆ ಕಣ್ಣು ಮುಚ್ಚಿಕೊಂಡು ತಿನ್ನುತ್ತಾಳೆ. ಆ ಮುಖ ನೋಡಿದರೆ ನನಗೆ ಅರ್ಧ ಹೊಟ್ಟೆ ತುಂಬುತ್ತದೆ. ಉಳಿದರ್ಧಕ್ಕೆ ತಲೆ ಬೇಯಿಸಿದ ನೀರಿದೆ.

ಹೀಗಿರುವಾಗ, ಸಮುದ್ರದಲ್ಲಿ ಮೀನು ಕಡಿಮೆಯಾಗಿದೆ ಎಂದು ಮೀನುಗಾರಿಕೆ ಕಚೇರಿಗೆ ಗೊತ್ತಾಯಿತು. ನಮಗೂ ಗೊತ್ತಿತ್ತು. ಆದರೆ ನಮಗೆ ಗೊತ್ತಿದ್ದರೆ ಅದು ಗೊತ್ತಿದ್ದಂತೆ ಅಲ್ಲ. ಇನ್ನೆಷ್ಟು ಮೀನು ಉಳಿದಿದೆ, ಎಷ್ಟು ಹಿಡಿದರೆ ಸಂತತಿ ಉಳಿದೀತು ಎಂದು ನೋಡಿ ಮಿತಿ ಹಾಕಲು ಒಬ್ಬ ತರುಣ ಅಧಿಕಾರಿ ಬಂದ. ಕಂಕುಳಲ್ಲಿ ಸದಾ ಒಂದು ಅಳತೆಯ ಹಲಗೆ. ಅಳತೆ ಸಾರ್ ಎಂದು ಹೆಸರಿಟ್ಟೆವು. ಹುಡುಗ ಕೆಟ್ಟವನಲ್ಲ. ಶೆಡ್ಡಿನೊಳಗೆ ಮೂಗು ಮುಚ್ಚಿಕೊಳ್ಳದೆ ಬಂದ ಮೊದಲ ಸರ್ಕಾರಿ ಮನುಷ್ಯ ಅವನೇ.

ಹಲಗೆಯ ಒಂದು ತುದಿಯಲ್ಲಿ ಅಡ್ಡಪಟ್ಟಿ. ಮೀನಿನ ಮೂತಿಯನ್ನು ಅದಕ್ಕೆ ಒತ್ತಿ, ಬಾಲದವರೆಗೆ ಅಳೆಯುತ್ತಿದ್ದ. ಆಮೇಲೆ ತಲೆ ಸೀಳಿ, ಚಿಮುಟದಿಂದ ಎರಡು ಬಿಳಿ ಹರಳು ತೆಗೆದು ತೋರಿಸಿದ. ನುಚ್ಚಕ್ಕಿಯಷ್ಟೇ ಇದ್ದವು.

"ಇದು ಮೀನಿನ ಕಿವಿಯ ಕಲ್ಲು ಅಮ್ಮಾ. ಮರದ ಕಾಂಡದ ಹಾಗೆ ಇದರಲ್ಲೂ ಉಂಗುರ ಇರುತ್ತೆ. ಎಣಿಸಿದ್ರೆ ಮೀನಿನ ವಯಸ್ಸು ಗೊತ್ತಾಗುತ್ತೆ."

"ನನ್ನದೂ ನೋಡಿ ಹೇಳಪ್ಪ," ಎಂದರು ಅತ್ತೆ. "ವಯಸ್ಸು ಸಾಲದು ಅಂತ ಪಿಂಚಣಿ ಕಚೇರಿಯವರು ವಾಪಸ್ ಕಳಿಸಿದಾರೆ."

ಶೆಡ್ಡೆಲ್ಲ ನಕ್ಕಿತು. ಅವನೂ ನಕ್ಕ. ನಕ್ಕು ಮುಗಿಸಿ, "ಇನ್ಮೇಲೆ ತಲೆಗಳನ್ನೆಲ್ಲ ಕಚೇರಿಗೆ ಕೊಡಬೇಕು," ಎಂದ.

ನಗು ನಿಂತಿತು.

"ನಿಮಗೆ ಬೇಕಾದ್ದು ಕಲ್ಲು ತಾನೇ ಸಾರ್?" ಎಂದೆ. "ಕಲ್ಲು ತಗೊಳ್ಳಿ, ತಲೆ ವಾಪಸ್ ಕೊಡಿ. ಮನೇಲಿ ಮಕ್ಕಳಿದಾವೆ."

"ಪರೀಕ್ಷೆ ಆದ ತಲೆ ತಿನ್ನೋಕೆ ಕೊಡೋ ಹಾಗಿಲ್ಲಮ್ಮ. ವಿಲೇವಾರಿ ಮಾಡಬೇಕು."

"ಎಷ್ಟು ದಿನ ಹೀಗೆ?"

"ಸಮುದ್ರ ಸುಧಾರಿಸೋವರೆಗೆ."

ವಿಲೇವಾರಿ ಎಂದರೆ ಏನೆಂದು ವಾರದೊಳಗೆ ತಿಳಿಯಿತು. ಕಚೇರಿಯ ಹಿಂದೆ ನೀಲಿ ಡ್ರಮ್ಮುಗಳು. ಡ್ರಮ್ಮು ತುಂಬಿದರೆ ಲಾರಿ. ಲಾರಿ ಹೋಗುವುದು ಕೋಳಿಗಳಿಗೆ ಮೀನಿನ ಪುಡಿ ಮಾಡುವ ಕಾರ್ಖಾನೆಗೆ. ಕಾರ್ಖಾನೆ ಯಾರದು ಎಂದು ಬೇರೆ ಹೇಳಬೇಕಾ?

ಮನೆಯಲ್ಲಿ ಒಲೆಯ ಮೇಲೆ ಬರೀ ನೀರು ಕುದಿಯಿತು. ಮಗಳು ಪಾತ್ರೆಗೆ ಇಣುಕಿದಳು. "ಕೆನ್ನೆ ಎಲ್ಲಮ್ಮಾ?"

"ಓದೋಕೆ ಹೋಗಿದೆ ಪುಟ್ಟಾ," ಎಂದೆ. ಇನ್ನೇನು ಹೇಳಲಿ?

ದೊಡ್ಡ ಹಡಗಿನ ಮೀನು ಬೇರೆ ಜೆಟ್ಟಿಗೆ ಬರುತ್ತದೆ. ನಡುನೀರಿನಲ್ಲೇ ಹಡಗಿನ ಮೇಲೆ ಯಂತ್ರ ತಲೆ ಕತ್ತರಿಸಿ ಸಮುದ್ರಕ್ಕೆಸೆಯುತ್ತದೆ. ಮೈ ಮಾತ್ರ ಹೆಪ್ಪುಗಟ್ಟಿ, ಪೆಟ್ಟಿಗೆಯಲ್ಲಿ ಶಿಸ್ತಾಗಿ ಮಲಗಿ ಬರುತ್ತದೆ. ಅಳತೆ ಸಾರ್ ಅಲ್ಲಿಗೂ ಹಲಗೆ ಹಿಡಿದು ಹೋದ. ಒತ್ತಲು ಮೂತಿಯಿಲ್ಲ, ತೆಗೆಯಲು ಕಲ್ಲಿಲ್ಲ. ಹಡಗಿನವರು ಕುರ್ಚಿ ಹಾಕಿ ಟೀ ಕೊಟ್ಟರು. ಕುಡಿದು ಬಂದ.

ಸ್ವಲ್ಪ ದಿನಕ್ಕೆ ಸಭೆ ಕರೆದರು. ಧಣಿ ಮುಂದಿನ ಸಾಲಿನಲ್ಲಿ. ನಾವು ಹಿಂದೆ, ಗೋಡೆಗೆ ಒರಗಿ. ನಾವು ಒಳಗೆ ಬಂದ ಕೂಡಲೇ ಯಾರೋ ಕಿಟಕಿ ತೆರೆದರು.

ಅಳತೆ ಸಾರ್ ಗೋಡೆಯ ಮೇಲೆ ಚಿತ್ರ ಬಿಟ್ಟು ವಿವರಿಸಿದ. ಪರೀಕ್ಷೆ ಮಾಡಿದ ಮೀನುಗಳಲ್ಲಿ ಮರಿಗಳೇ ಹೆಚ್ಚು. ಮೊಟ್ಟೆ ಇಡುವ ಮೊದಲೇ ಹಿಡಿದರೆ ಸಂತತಿ ಉಳಿಯುವುದಿಲ್ಲ. ಆದ್ದರಿಂದ ಸಣ್ಣ ದೋಣಿಗಳು ಇನ್ನು ಅರ್ಧದಷ್ಟೇ ಹಿಡಿಯಬೇಕು.

ನನ್ನ ಗಂಡ ಎದ್ದು ನಿಂತ. ಸಮುದ್ರಕ್ಕೆ ಹೆದರದವನು, ಮೈಕಿಗೆ ಹೆದರಿ ಅದಿಲ್ಲದೆಯೇ ಮಾತಾಡಿದ.

"ಸಾರ್, ಮಿತಿ ಬೇಡ ಅನ್ನಲ್ಲ. ಮೀನು ಉಳಿದ್ರೆ ನಾವೂ ಉಳೀತೀವಿ. ಆದ್ರೆ ದೊಡ್ಡ ಹಡಗಿಗೆ ಎಷ್ಟು ಮಿತಿ?"

"ಅದರ ಮೀನಿನ ವಯಸ್ಸು ಗೊತ್ತಿಲ್ಲ."

"ಯಾಕೆ?"

"ತಲೆ ಇಲ್ಲ."

"ತಲೆ ಇಲ್ಲ ಅಂದ್ರೆ ತಪ್ಪೂ ಇಲ್ವಾ?"

ಅಳತೆ ಸಾರ್ ತಲೆ ತಗ್ಗಿಸಿದ. "ಮಾಹಿತಿ ಇಲ್ಲದೆ ಮಿತಿ ಹಾಕೋ ಹಾಗಿಲ್ಲ. ಅದು ನಿಯಮ."

ಧಣಿ ಮೈಕು ಹಿಡಿದು, "ನಾವೆಲ್ಲ ತ್ಯಾಗ ಮಾಡಬೇಕಪ್ಪ. ಮುಂದಿನ ಪೀಳಿಗೆಗೆ ಮೀನು ಉಳೀಬೇಕಲ್ವಾ?" ಎಂದ. ನಾವು ಬಿಟ್ಟ ಮೀನು ಅವನ ಹಡಗಿನ ಬಲೆಗೆ. ಮುಂದಿನ ಸಾಲು ಚಪ್ಪಾಳೆ ತಟ್ಟಿತು. ಮುಂದಿನ ಪೀಳಿಗೆ ನನ್ನ ಮಡಿಲಲ್ಲಿ ಹಸಿದು ನಿದ್ದೆಹೋಗಿತ್ತು.

ಇನ್ನೊಂದೇ ಸಲ ದೋಣಿಯ ಮೀನು ಪರೀಕ್ಷಿಸಬೇಕು, ಅದರ ಮಾಹಿತಿ ಸೇರಿದರೆ ಮಾತ್ರ ಆದೇಶಕ್ಕೆ ಸಹಿ ಬೀಳುತ್ತದೆ ಎಂದು ಹೇಳಿ ಸಭೆ ಮುಗಿಸಿದರು.

ಮನೆಗೆ ಬಂದು ಅತ್ತೆ ಮೂಲೆಯಲ್ಲಿ ಕೂತರು. ಅರ್ಧ ಮೀನು ಎಂದರೆ ಅರ್ಧ ಕೂಲಿ, ತಲೆಯಂತೂ ಮೊದಲೇ ಹೋಗಿತ್ತು. ಮಗಳು ಅಜ್ಜಿಯ ಸೆರಗು ಎಳೆದಳು.

"ಅಜ್ಜೀ, ಹಡಗಿನ ಮೀನಿಗೆ ತಲೆಯೇ ಇರಲ್ವಾ?"

"ಇರುತ್ತೆ ಕಣೇ. ಬರೋ ದಾರೀಲಿ ಕತ್ತರಿಸಿಬಿಡ್ತಾರೆ."

ಹಾಗೆಂದವರು ತಟ್ಟನೆ ಎದ್ದು ಹೋಗಿ ಚೂರಿ ತಂದು, ಕಲ್ಲಿನ ಮೇಲೆ ಮಸೆಯತೊಡಗಿದರು. ಮಸೆಯುತ್ತಲೇ ನಗುತ್ತಿದ್ದರು. ನನಗೆ ಭಯವಾಯಿತು.

"ಏನತ್ತೆ?"

"ಏನಿಲ್ಲ. ಪಕ್ಕದ ಮನೆಯವಳನ್ನ ಕರಿ. ಅವಳ ಅಕ್ಕನ್ನೂ ಕರಿ. ಶೆಡ್ಡಿನವರೆಲ್ಲ ಬರಲಿ."

ಬಂದರು. ಅತ್ತೆಯ ಉಪಾಯ ಕೇಳಿದ ಮೇಲೆ ಪಕ್ಕದ ಮನೆಯವಳು, "ಕೆಲಸ ಹೋದ್ರೆ ಏನ್ ಮಾಡೋದು ದೊಡ್ಡಮ್ಮ?" ಎಂದಳು.

"ಕೆಲಸ ಇದ್ದಾಗ ಏನ್ ತಿಂದೆ ಇವತ್ತು?" ಎಂದರು ಅತ್ತೆ. ಅವಳು ಹೋಗಿ ತನ್ನ ಚೂರಿ ತಂದಳು.

ಪರೀಕ್ಷೆಯ ದಿನ ದೋಣಿಗಳು ಜೆಟ್ಟಿಗೆ ತಾಗುವ ಮುಂಚೆಯೇ ನಾವೆಲ್ಲ ಸೊಂಟದವರೆಗಿನ ನೀರಿಗಿಳಿದು, ಒಬ್ಬರ ಕೈ ಒಬ್ಬರು ಹಿಡಿದು ದೋಣಿ ಹತ್ತಿದೆವು. ಗಂಡಸರು ಬುಟ್ಟಿ ಮುಂದಿಟ್ಟರು. ದೋಣಿ ಓಲಾಡುತ್ತಿತ್ತು, ಚೂರಿ ಓಲಾಡಲಿಲ್ಲ. ಅಷ್ಟು ವರ್ಷ ಧಣಿಗಾಗಿ ಕಲಿತ ಕೈ ಅಂದು ನಮಗಾಗಿ ನಡೆಯಿತು.

ಜೆಟ್ಟಿಯಲ್ಲಿ ಅಳತೆ ಸಾರ್ ಹಲಗೆ ಸಿದ್ಧಮಾಡಿಕೊಂಡು ನಿಂತಿದ್ದ. ಶೆಡ್ಡಿನಲ್ಲಿ ನಮ್ಮ ಮೇಲೆ ಕಣ್ಣಿಡುವ ಧಣಿಯ ಮೇಸ್ತ್ರಿ ಇದ್ದ. ಧಣಿಯೂ ಕಾರಿನಿಂದಿಳಿದು ನಿಂತಿದ್ದ. ಬುಟ್ಟಿಗಳು ಒಂದೊಂದಾಗಿ ಬಂದವು. ಶಿಸ್ತಾಗಿ ಮಲಗಿದ ಮೈಗಳು. ತಲೆ ಒಂದೂ ಇಲ್ಲ.

ಅಳತೆ ಸಾರ್ ಒಂದು ಮೀನು ಎತ್ತಿ ಹಲಗೆಯ ಮೇಲಿಟ್ಟ. ಮುಂದೆ ತಳ್ಳಿದ, ಹಿಂದೆ ಎಳೆದ. "ತಲೆ ಎಲ್ಲಮ್ಮಾ?"

"ಬರೋ ದಾರೀಲೇ ಕತ್ತರಿಸಿದ್ವಿ ಸಾರ್," ಎಂದರು ಅತ್ತೆ. "ನಾವೂ ಸ್ವಲ್ಪ ಮುಂದುವರೀಬೇಕಲ್ವಾ, ದೊಡ್ಡ ಹಡಗಿನ ಹಾಗೆ."

"ತಲೆ ಇಲ್ಲದೆ ನಾನು ಏನಂತ ಬರೀಲಿ?"

"ಅಲ್ಲಿ ಏನು ಬರೆದ್ರೋ ಅದನ್ನೇ ಬರೀರಿ. ಕೂರೋಕೆ ಡಬ್ಬ ಕೊಡ್ತೀವಿ. ಟೀ ಮಾತ್ರ ಇಲ್ಲ."

ಧಣಿ ಕೂಗಿದ. "ಇದು ಮೋಸ! ಏನ್ರೀ ನೋಡ್ತಾ ನಿಂತಿದೀರಿ, ಹಾಕ್ರೀ ಮಿತಿ!"

ಅಳತೆ ಸಾರ್ ಹಲಗೆ ಒರೆಸಿ ಕಂಕುಳಿಗೆ ಸೇರಿಸಿದ. ಆಮೇಲೆ ಮೆಲ್ಲಗೆ, "ಮಾಹಿತಿ ಇಲ್ಲದೆ ಮಿತಿ ಹಾಕೋ ಹಾಗಿಲ್ಲ ಸಾರ್. ನಿಯಮ," ಎಂದ.

ಅತ್ತೆ ಅವನ ಹತ್ತಿರ ಹೋದರು. "ತಲೆ ಕೊಡಲ್ಲ ಅಂತಲ್ಲಪ್ಪ. ಹಡಗಿನ ತಲೆ ಈ ಜೆಟ್ಟಿಗೆ ಬರಲಿ. ಅವತ್ತು ನಮ್ಮದನ್ನೂ ಪಕ್ಕದಲ್ಲೇ ಇಡ್ತೀವಿ. ಎರಡೂ ಸೀಳಿ ನೋಡು. ಆಮೇಲೆ ಮಿತಿ ಹಾಕು, ಇಬ್ಬರಿಗೂ."

"ನಾಳೆಯಿಂದ ಒಬ್ಬಳೂ ಶೆಡ್ಡಿಗೆ ಕಾಲಿಡಬೇಡಿ!" ಎಂದ ಮೇಸ್ತ್ರಿ.

"ಇಡಲ್ಲ ಬಿಡಿ," ಎಂದಳು ಪಕ್ಕದ ಮನೆಯವಳು. ಮೊದಲು ಹೆದರಿದ್ದವಳು ಅವಳೇ. "ಧಣಿಗಳಿಗೆ ಚೂರಿ ಕೊಡಿ. ತ್ಯಾಗ ಮಾಡಲಿ."

ಅಂದು ಸಂಜೆ ಬೀದಿಯ ಎಲ್ಲ ಒಲೆಗಳ ಮೇಲೂ ತಲೆ ಬೆಂದವು. ಮಗಳು ಕೆನ್ನೆ ಬಿಡಿಸಿ ತಿಂದು, ಕಣ್ಣು ತೆರೆದು, ನಾಲಿಗೆಯ ತುದಿಯಿಂದ ಏನೋ ತೆಗೆದಳು. ಬಿಳಿ ಹರಳು.

"ಎಸೆಯಲಾ ಅಮ್ಮಾ?"

"ಬೇಡ," ಎಂದರು ಅತ್ತೆ. ಹರಳನ್ನು ತೊಳೆದು, ಖಾಲಿ ಬಾಟಲಿಗೆ ಹಾಕಿ ಕಿಟಕಿಯಲ್ಲಿಟ್ಟರು. ಪ್ರತಿ ಮನೆಯಲ್ಲೂ ಹಾಗೆಯೇ ಇಡಲು ಹೇಳಿ ಕಳಿಸಿದರು.

ಶೆಡ್ಡಿಗೆ ಧಣಿ ಹಾಕಿದ ಬೀಗ ಇನ್ನೂ ಇದೆ. ನಮ್ಮ ದೋಣಿಯ ಮೀನನ್ನು ನಾವು ಅದರ ಬಾಗಿಲಲ್ಲೇ ಕೂತು ಕತ್ತರಿಸುತ್ತೇವೆ, ಮನೆಮನೆಗೆ ಹೊತ್ತು ಮಾರುತ್ತೇವೆ. ಕಿಟಕಿಯ ಬಾಟಲಿಗಳು ತುಂಬುತ್ತಿವೆ. ಯಾರು ಬೇಕಾದರೂ ಬಂದು ಉಂಗುರ ಎಣಿಸಬಹುದು. ಬರುವಾಗ ಹಡಗಿನ ಬಾಟಲಿಯನ್ನೂ ತರಬೇಕು, ಅಷ್ಟೇ.