ಬಿಟ್ಟುಹೋದ ಗಿರಾಕಿ

ಯಂತ್ರದ ಎಣ್ಣೆಯೂ ಹಳೆಯ ಶಾಯಿಯ ರಿಬ್ಬನ್ನೂ ಸೇರಿ ಒಂದು ವಾಸನೆ ಹುಟ್ಟುತ್ತದೆ. ಅದು ಅವಳ ಅಪ್ಪನ ಟೈಪ್‌ರೈಟರ್ ರಿಪೇರಿ ಅಂಗಡಿಯ ವಾಸನೆ. "ಇದನ್ನ ಬಿಟ್ಟು ಜನ ಎಲ್ಲಿಗೆ ಹೋಗ್ತಾರೆ ಮಗಳೇ" ಎನ್ನುತ್ತಿದ್ದ ಅಪ್ಪ. ಕಂಪ್ಯೂಟರ್ ಬಂದ ಎರಡೇ ವರ್ಷದಲ್ಲಿ ಗಿರಾಕಿಗಳೆಲ್ಲರೂ ಹೋದರು. ಇಂದು ಬೆಳಿಗ್ಗೆ ಆಫೀಸಿನ ಫೋನ್ ಕೆಳಗಿಡುವಾಗ ಅವಳ ಮೂಗಿಗೆ ಅದೇ ವಾಸನೆ ಬಂದಂತಾಯಿತು.

ಬಸ್ ಚಾಲಕರ ಪಿಂಚಣಿ ಹಣವನ್ನು ಷೇರುಗಳಲ್ಲಿ ತೊಡಗಿಸುವ ಆಫೀಸು ಅದು. ತಂತ್ರಜ್ಞಾನ ಕಂಪನಿಗಳನ್ನು ಅಳೆದು ನೋಡುವುದು ಅವಳ ಕೆಲಸ. ಆಸ್ಪತ್ರೆಗಳಿಗೆ ಔಷಧದ ಲೆಕ್ಕವಿಡುವ ಸಾಫ್ಟ್‌ವೇರ್ ಮಾರುವ ಒಂದು ಕಂಪನಿಯನ್ನು ಅವಳೇ ಮೆಚ್ಚಿ ಶಿಫಾರಸು ಮಾಡಿದ್ದಳು. ಬಂಡವಾಳವೆಂದು ನೂರು ಹಾಕಿದರೆ ಅದು ವರ್ಷಕ್ಕೆ ಮೂವತ್ತು ದುಡಿಯುತ್ತಿತ್ತು. ಅಷ್ಟು ಸಿಹಿ ಕಂಡಲ್ಲಿ ಪೈಪೋಟಿಯವರು ಇರುವೆಯಂತೆ ಮುತ್ತದೇ ಇರುತ್ತಾರೆಯೇ? ಅವರನ್ನು ತಡೆಯುವ ಕೋಟೆ ಒಂದೇ: ಬದಲಾಯಿಸುವುದು ಕಷ್ಟವಾದ್ದರಿಂದ ಒಮ್ಮೆ ಸೇರಿದ ಆಸ್ಪತ್ರೆ ಬಿಟ್ಟುಹೋಗಲಾರದು. ಅದನ್ನು ಪರೀಕ್ಷಿಸಲು ಐವರು ಗಿರಾಕಿಗಳಿಗೆ ಫೋನ್ ಮಾಡಬೇಕೆಂಬುದು ಆಫೀಸಿನ ನಿಯಮ. ಮಾಡಿದ್ದಳು. ಐವರೂ "ಬಿಡೋದುಂಟೇ" ಎಂದಿದ್ದರು. ಐದು ನಂಬರನ್ನೂ ಕೊಟ್ಟದ್ದು ಆ ಕಂಪನಿಯೇ.

ಇಂದು ಆ ಕಂಪನಿಯ ಷೇರು ಖರೀದಿ ಶುರುವಾದ ಮೇಲೆ ಮನಸ್ಸು ತಡೆಯದೆ, ಪಟ್ಟಿಯಲ್ಲಿಲ್ಲದ ಒಂದು ಆಸ್ಪತ್ರೆಗೆ ಫೋನ್ ಮಾಡಿದ್ದಳು. ಔಷಧದ ಸ್ಟೋರ್ ನೋಡಿಕೊಳ್ಳುವ ಹೆಂಗಸು ಎತ್ತಿಕೊಂಡಿದ್ದಳು.

"ಅದಾ? ಹೋದ ತಿಂಗಳೇ ಬಿಟ್ವಿ. ಎರಡು ದಿನದ ಕೆಲಸ ಅಷ್ಟೆ. ಹೊಸದು ಅರ್ಧ ಬೆಲೆ. ನಮ್ಮಕ್ಕನ ಆಸ್ಪತ್ರೆಯವರೂ ಬಿಟ್ರು. ಯಾಕಮ್ಮ, ದನಿ ಹೀಗಾಯ್ತು? ಒಂಚೂರು ನೀರು ಕುಡೀರಿ."

ಬೆಲೆ ಅರ್ಧಕ್ಕಿಳಿದರೆ ಆ ಮೂವತ್ತರ ಲಾಭ ಬರೀ ಮೂರಾಗಲು ಎಷ್ಟು ಹೊತ್ತು? ಮೇಲಧಿಕಾರಿಯ ಕೋಣೆಗೆ ಹದಿನೈದು ಹೆಜ್ಜೆ. ಅವರ ನಾಲಿಗೆಗೆ ಹೆದರಿ ಎಲ್ಲರೂ ಬೆನ್ನ ಹಿಂದೆ 'ಗರಗಸ' ಎನ್ನುತ್ತಿದ್ದರು. ಹೋದ ವರ್ಷ ಇದಕ್ಕಿಂತ ಸಣ್ಣ ತಪ್ಪಿಗೆ ಒಬ್ಬನ ಮೇಜು ಖಾಲಿಯಾಗಿತ್ತು. ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ಆದರೂ ಎದ್ದಳು.

"ಸರ್, ಖರೀದಿ ನಿಲ್ಲಿಸಬೇಕು," ಎಂದು ಎಲ್ಲವನ್ನೂ ಹೇಳಿದಳು.

ಅವರು ಕನ್ನಡಕ ತೆಗೆದರು. "ಅಂದ್ರೆ, ಮದುಮಗ ಹೇಗಿದಾನೆ ಅಂತ ಅವನ ಅಮ್ಮನ್ನೇ ಕೇಳ್ಕೊಂಡು ಬಂದ್ರಿ."

"ಹೌದು ಸರ್."

"ನಂಬರ್ ಯಾರು ಕೊಟ್ರು ಅಂತ ಕೇಳದೆ ಸೈನ್ ಹಾಕ್ದೋನು ನಾನು." ಷೇರು ಕೊಳ್ಳುವ ವಿಭಾಗಕ್ಕೆ ಫೋನ್ ಮಾಡಿದರು. "ಎಷ್ಟು ತಗೊಂಡ್ರಿ? ಐದನೇ ಒಂದು ಪಾಲಾ? ಅಲ್ಲಿಗೇ ನಿಲ್ಸಿ." ಅವಳ ಕಡೆ ತಿರುಗಿದರು. "ಪಟ್ಟೀಲಿ ಇಲ್ಲದ ಇಪ್ಪತ್ತು ಆಸ್ಪತ್ರೆಗೆ ಫೋನ್ ಮಾಡಿ. ನಾಳೆ ಹೂಡಿಕೆ ಸಮಿತಿ ಮುಂದೆ ಇಬ್ರೂ ನಿಲ್ಲೋಣ."

"ನನ್ನ ಕೆಲಸ, ಸರ್?"

"ಅದನ್ನ ಸಮಿತಿ ಹೇಳುತ್ತೆ."

ಏಳನೆಯ ಆಸ್ಪತ್ರೆಯೂ ಬಿಟ್ಟಿತ್ತು. ಹತ್ತನೆಯದೂ. ಊಟದ ಹೊತ್ತು ಮೀರಿದ್ದು ಅವಳಿಗೆ ತಿಳಿಯಲಿಲ್ಲ. ಹನ್ನೊಂದನೆಯ ನಂಬರ್ ಒತ್ತುತ್ತಿರುವಾಗ ಮೇಜಿನ ಮೇಲೆ ನೆರಳು ಬಿತ್ತು. ಗರಗಸ ತಮ್ಮ ಊಟದ ಡಬ್ಬಿಯನ್ನು ಅವಳ ಮುಂದಿಟ್ಟು ಮುಚ್ಚಳ ತೆಗೆದು, ಚಮಚದ ಹಿಡಿ ಅವಳ ಕಡೆ ತಿರುಗಿಸಿಟ್ಟು, ತಮ್ಮ ಕೋಣೆಗೆ ಹೋದರು.